ಕೋರ್‌ಬೂಟ್ ಹಾಕಿದ ಹಳೆ ಥಿಂಕ್‌ಪ್ಯಾಡ್‌ನಲ್ಲಿ ಸ್ಕ್ರೀನ್ ಬರದಿದ್ದರೆ: ಮಂಗಳೂರು, ಉಡುಪಿ ಕಡೆಯವರಿಗೆ ದೋಷ ನಿವಾರಣೆ ಕೈಪಿಡಿ

ಲಕ್ಷಣ ಹೀಗಿರುತ್ತದೆ. ಪವರ್ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಒಳಗೆ ಕಂಪನಿಯ ಬಯೋಸ್ ಬದಲಿಗೆ ಕೋರ್‌ಬೂಟ್ ಎಂಬ ಓಪನ್ ಸೋರ್ಸ್ ಫರ್ಮ್‌ವೇರ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಇದೆ ಅಂತ ಗೊತ್ತಾದ ಕೂಡಲೇ ಎಲ್ಲರ ಅನುಮಾನವೂ ಅದರ ಮೇಲೆಯೇ. "ಬಯೋಸ್ ಬದಲಾಯಿಸಿದ್ದೀರಲ್ಲ, ಅದಕ್ಕೇ ಹೀಗೆ" ಅನ್ನುತ್ತಾರೆ. ಯಂತ್ರದ ಮಾಲೀಕರು ಫರ್ಮ್‌ವೇರ್ ಇರುವ ಚಿಪ್‌ನ ಕಾಲುಗಳಿಗೆ ಕ್ಲಿಪ್ ಹಚ್ಚಿ, ಅದನ್ನು ಅಳಿಸಿ, ಮತ್ತೆ ಬರೆಯಲು ಕೂರುತ್ತಾರೆ.

ನಮ್ಮ ಕರಾವಳಿಯಲ್ಲಿ ಬಹಳ ಸಲ ಇದು ತಪ್ಪು ದಾರಿ. ಉಪ್ಪು ಗಾಳಿಗೆ ರ‍್ಯಾಮ್ ಸ್ಲಾಟ್ ಕಿಲುಬು ಹಿಡಿದರೂ ಸ್ಕ್ರೀನ್ ಕಪ್ಪು, ಫರ್ಮ್‌ವೇರ್ ಕೆಟ್ಟರೂ ಸ್ಕ್ರೀನ್ ಕಪ್ಪು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಯಾವುದು ಅಂತ ತಿಳಿಯುವ ಮೊದಲು ಚಿಪ್ ಅಳಿಸಿದರೆ, ಇದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಕಳೆದುಕೊಂಡ ಹಾಗೆ. ಆದ್ದರಿಂದ ಈ ಕೈಪಿಡಿಯಲ್ಲಿ ಚಿಪ್‌ಗೆ ಬರೆಯುವ ಕೆಲಸ ತೀರಾ ಹಿಂದೆ ಬರುತ್ತದೆ. ಮೊದಲು ನೋಡುವುದು, ಆಮೇಲೆ ಓದುವುದು, ಬೇಕಾದರೆ ಮಾತ್ರ ಬರೆಯುವುದು.

ಇಲ್ಲಿ ಹೇಳುವುದು ಮುಖ್ಯವಾಗಿ ಥಿಂಕ್‌ಪ್ಯಾಡ್ ಎಕ್ಸ್200, ಎಕ್ಸ್220, ಎಕ್ಸ್230 ಬಗ್ಗೆ. ಇವು 2008, 2011, 2012ರ ಯಂತ್ರಗಳು. ಕಂಪನಿಯಿಂದ ಹೊಸ ಬಯೋಸ್ ಇನ್ನು ಬರುವುದಿಲ್ಲ. ಓಪನ್ ಸೋರ್ಸ್ ಫರ್ಮ್‌ವೇರ್ ಇರುವುದರಿಂದಲೇ ಇವಕ್ಕೆ ಇಂದಿಗೂ ಅಪ್‌ಡೇಟ್ ಸಿಗುತ್ತಿದೆ. ಕೋರ್‌ಬೂಟ್ 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಎಂಬ ಹೆಸರಿನಲ್ಲಿ ಶುರುವಾಯಿತು. 2008ರಲ್ಲಿ ಈಗಿನ ಹೆಸರು ಬಂತು. ಲಿಬ್ರೆಬೂಟ್ ಕೂಡ ಇದರ ಮೇಲೆಯೇ ಕಟ್ಟಿದ್ದು. ಹಾಗಾಗಿ ಅದನ್ನು ಹಾಕಿಕೊಂಡವರಿಗೂ ಇದೇ ದಾರಿ ನಡೆಯುತ್ತದೆ.

ಸ್ಕ್ರೀನ್ ಯಾಕೆ ಏನೂ ಹೇಳುವುದಿಲ್ಲ

ಬಟನ್ ಒತ್ತಿದಾಗ ಮೊದಲು ಏಳುವುದು ಇಸಿ ಎಂಬ ಸಣ್ಣ ಕಂಟ್ರೋಲರ್. ದೀಪ, ಫ್ಯಾನ್, ಕೀಬೋರ್ಡ್, ಬ್ಯಾಟರಿ ಚಾರ್ಜ್ ಎಲ್ಲ ಅದರ ಕೈಯಲ್ಲಿ. ಅದಕ್ಕೆ ತನ್ನದೇ ಫರ್ಮ್‌ವೇರ್ ಇದೆ. ಈ ಯಂತ್ರಗಳಲ್ಲಿ ಕೋರ್‌ಬೂಟ್ ಅದನ್ನು ಮುಟ್ಟುವುದೇ ಇಲ್ಲ. ದೀಪ ಹತ್ತಿತು ಅಂದರೆ ಕರೆಂಟು ಬರುತ್ತಿದೆ, ಇಸಿ ಬದುಕಿದೆ ಅಂತ ಅಷ್ಟೇ ಅರ್ಥ. ಪ್ರೊಸೆಸರ್ ಕೆಲಸ ಶುರು ಮಾಡಿತೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ.

ಆಮೇಲೆ ಪ್ರೊಸೆಸರ್ ಏಳುತ್ತದೆ. 4 ಜಿಬಿ ವಿಳಾಸದ ತುದಿಗಿಂತ 16 ಬೈಟ್ ಕೆಳಗಿನ ಜಾಗದಿಂದ ಮೊದಲ ಸೂಚನೆ ಓದುತ್ತದೆ. ಅಲ್ಲಿ ಕೋರ್‌ಬೂಟ್‌ನ ಬೂಟ್‌ಬ್ಲಾಕ್ ಇರುತ್ತದೆ. ಅದರ ನಂತರ ರೋಮ್‌ಸ್ಟೇಜ್. ಈ ಹಂತದಲ್ಲಿ ರ‍್ಯಾಮ್ ಇನ್ನೂ ತಯಾರಾಗಿಲ್ಲ. ಪ್ರೊಸೆಸರ್‌ನ ಕ್ಯಾಶೆಯನ್ನೇ ರ‍್ಯಾಮ್‌ನಂತೆ ಬಳಸಿಕೊಂಡು ಕೋಡ್ ಓಡುತ್ತಿರುತ್ತದೆ. ಆ ಕೋಡ್ ರ‍್ಯಾಮ್ ಕಡ್ಡಿಗಳ ಜೊತೆ ಸಿಗ್ನಲ್ ಸಮಯ ಹೊಂದಿಸುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಅದು ಮುಗಿದ ಮೇಲೆ ರ‍್ಯಾಮ್‌ಸ್ಟೇಜ್. ಡಿಸ್‌ಪ್ಲೇ ಚಾಲೂ ಆಗುವುದು ಅಲ್ಲಿ. ಕೊನೆಗೆ ಸೀಬಯೋಸ್ ಅಥವಾ ಗ್ರಬ್‌ನಂಥ ಪೇಲೋಡ್, ಅಂದರೆ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ.

ಅಂದರೆ ಸ್ಕ್ರೀನ್‌ಗೆ ಬೆಳಕು ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರುತ್ತದೆ. ಅದಕ್ಕೂ ಮೊದಲು ಎಲ್ಲಿ ನಿಂತರೂ ನಮಗೆ ಕಾಣುವುದು ಕಪ್ಪು ಮಾತ್ರ.

ಬಿಚ್ಚುವ ಮೊದಲು

ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಹೊರಗಿನ ಮಾನಿಟರ್ ಒಂದನ್ನು ವಿಜಿಎ ಪೋರ್ಟ್‌ಗೆ ಜೋಡಿಸಿ. ಈಗ ಎರಡು ನಿಮಿಷ ಸುಮ್ನೆ ಕಾಯಿರಿ. ಬಹಳ ಜನ ಹತ್ತು ಸೆಕೆಂಡಿಗೇ ಬಟನ್ ಒತ್ತಿ ಆಫ್ ಮಾಡಿಬಿಡುತ್ತಾರೆ. ಹೊಸದಾಗಿ ಫ್ಲ್ಯಾಶ್ ಮಾಡಿದ (ಚಿಪ್‌ಗೆ ಫರ್ಮ್‌ವೇರ್ ಬರೆದ) ಮೇಲೆ ಅಥವಾ ರ‍್ಯಾಮ್ ಬದಲಾಯಿಸಿದ ಮೇಲೆ ಮೊದಲ ಬೂಟ್‌ನಲ್ಲಿ ಟ್ರೈನಿಂಗ್ ಪೂರ್ತಿ ನಡೆಯುತ್ತದೆ. ಅದಕ್ಕೆ ಸಮಯ ಬೇಕು. ಎಕ್ಸ್220, ಎಕ್ಸ್230ದಲ್ಲಿ ಆ ಲೆಕ್ಕ ಫ್ಲ್ಯಾಶ್ ಚಿಪ್‌ನಲ್ಲಿ ಉಳಿಯುವುದರಿಂದ ಮುಂದಿನ ಬೂಟ್‌ಗಳು ಬೇಗ ಆಗುತ್ತವೆ.

ಕಾಯುವಾಗ ಹಾರ್ಡ್‌ಡಿಸ್ಕ್ ದೀಪದ ಮೇಲೆ ಕಣ್ಣಿಡಿ. ಅದು ಮಿನುಗುತ್ತಿದ್ದರೆ, ಸ್ವಲ್ಪ ಹೊತ್ತಿಗೆ ಲಿನಕ್ಸ್ ಲಾಗಿನ್ ಸ್ಕ್ರೀನ್ ಕಾಣಿಸಿಕೊಂಡರೆ, ಸಮಾಧಾನ ಮಾಡಿಕೊಳ್ಳಿ. ಬೂಟ್ ಸರಿಯಾಗಿಯೇ ಆಗುತ್ತಿದೆ, ಕೋರ್‌ಬೂಟ್ ಡಿಸ್‌ಪ್ಲೇ ಚಾಲೂ ಮಾಡುತ್ತಿಲ್ಲ ಅಷ್ಟೇ. ಲಿನಕ್ಸ್‌ನ ಇಂಟೆಲ್ ಡ್ರೈವರ್ ತಾನೇ ಡಿಸ್‌ಪ್ಲೇ ಎಬ್ಬಿಸಿಕೊಳ್ಳುತ್ತದೆ. ಹಾಗಾದರೆ ಕೋರ್‌ಬೂಟ್ ಬಿಲ್ಡ್ ಮಾಡುವಾಗ (ಕೋಡ್‌ನಿಂದ ಚಿಪ್‌ಗೆ ಬರೆಯುವ ಫೈಲ್ ತಯಾರಿಸುವಾಗ) ಗ್ರಾಫಿಕ್ಸ್ ಆಯ್ಕೆ ಬಿಟ್ಟುಹೋಗಿದೆ. ಡಿಸ್‌ಪ್ಲೇ ಚಾಲೂ ಮಾಡುವ ಲಿಬ್‌ಜಿಎಫ್‌ಎಕ್ಸ್‌ಇನಿಟ್ ಎಂಬ ಭಾಗ ಆನ್ ಇರಬೇಕು. ಪೇಲೋಡ್ ಸೀಬಯೋಸ್ ಆದರೆ ಅದರ ಜೊತೆ ವಿಜಿಎ ಬಯೋಸ್ ಕೂಡ ಒಳಗೆ ಸೇರಿರಬೇಕು. ಹೊರಗಿನ ಮಾನಿಟರ್‌ನಲ್ಲಿ ಮಾತ್ರ ಚಿತ್ರ ಬಂದರೆ ಲ್ಯಾಪ್‌ಟಾಪ್‌ನ ಪ್ಯಾನೆಲ್ ಅಥವಾ ಅದರ ಕೇಬಲ್ ನೋಡಿ.

ರ‍್ಯಾಮ್: ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ

ಉಳ್ಳಾಲದಲ್ಲಿ ಕಡಲಿಗೆ ಹತ್ತಿರದ ಮನೆಯೊಂದರಿಂದ ನನ್ನ ಹತ್ತಿರ ಒಂದು ಎಕ್ಸ್220 ಬಂದಿತ್ತು. "ಬಯೋಸ್ ಪೂರಾ ಹೋಗಿದೆಯಂತೆ ಮಾರಾಯ್ರೆ, ಎರಡು ಕಡೆ ಹೇಳಿದರು" ಅಂದರು ಅದನ್ನು ತಂದವರು. ಕೆಳಗಿನ ಮುಚ್ಚಳ ತೆಗೆದು ನೋಡಿದರೆ ರ‍್ಯಾಮ್ ಸ್ಲಾಟ್‌ನ ಒಂದು ತುದಿಯಲ್ಲಿ ಹಸಿರು ಕಿಲುಬು. ಚಿಪ್‌ನಲ್ಲಿದ್ದ ಫರ್ಮ್‌ವೇರ್‌ನ ಒಂದು ಬೈಟೂ ಕೆಟ್ಟಿರಲಿಲ್ಲ. ಇಂಥದ್ದು ಅಪರೂಪ ಅಲ್ಲ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆಯ ಯಂತ್ರಗಳಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಬ್ಯಾಗ್‌ನಲ್ಲೇ ಉಳಿದವುಗಳಲ್ಲಿ, ಮೊದಲು ಇದನ್ನೇ ನೋಡಬೇಕು. ದಿನಾ ಬಳಸುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. ಮೂಲೆಯಲ್ಲಿಟ್ಟ ಯಂತ್ರ ತೇವ ಹೀರುತ್ತಾ ಕೂರುತ್ತದೆ.

ಈ ಮೂರೂ ಮಾದರಿಗಳಲ್ಲಿ ರ‍್ಯಾಮ್ ಕೆಳಗಿನ ಮುಚ್ಚಳದ ಒಳಗೇ ಇದೆ, ಪೂರ್ತಿ ಬಿಚ್ಚಬೇಕಾಗಿಲ್ಲ. ಎರಡು ಕಡ್ಡಿ ಇದ್ದರೆ ಎರಡನ್ನೂ ತೆಗೆಯಿರಿ. ಒಂದನ್ನು ಒಂದು ಸ್ಲಾಟ್‌ನಲ್ಲಿ ಹಾಕಿ ನೋಡಿ, ಅದನ್ನೇ ಇನ್ನೊಂದರಲ್ಲಿ ಹಾಕಿ ನೋಡಿ. ಇನ್ನೊಂದು ಕಡ್ಡಿಯನ್ನೂ ಹಾಗೇ ಪರೀಕ್ಷಿಸಿ. ಕಡ್ಡಿ ಬದಲಾಯಿಸುವಾಗ ಪ್ರತಿ ಸಲ ಬ್ಯಾಟರಿ, ಚಾರ್ಜರ್ ಎರಡೂ ಹೊರಗಿರಲಿ. ಆನ್ ಮಾಡಿದ ಮೇಲೆ ಪ್ರತಿ ಸಲ ಎರಡು ನಿಮಿಷ ಕಾಯಿರಿ. ಕಡ್ಡಿ ಬದಲಾದರೆ ಕೋರ್‌ಬೂಟ್ ಉಳಿಸಿಟ್ಟ ಹಳೆಯ ಲೆಕ್ಕ ಬಿಟ್ಟು ಹೊಸದಾಗಿ ಟ್ರೈನಿಂಗ್ ಮಾಡುತ್ತದೆ. ಹಾಗಾಗಿ ಗೆಳೆಯರಿಂದ ಬೇರೊಂದು ಕಡ್ಡಿ ಎರವಲು ತಂದು ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ.

ಸ್ವಚ್ಛ ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ, ನೀರು ಕಡಿಮೆ ಇರುವ 99 ಪ್ರತಿಶತದ್ದು. ಕಡ್ಡಿಯ ಚಿನ್ನದ ಬಣ್ಣದ ತುದಿಗೆ ಪೆನ್ಸಿಲ್ ರಬ್ಬರ್ ತಿಕ್ಕುವ ರೂಢಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಲೇಪ ಬಹಳ ತೆಳು. ಒಮ್ಮೆ ಸವೆದರೆ ಒಳಗಿನ ಲೋಹಕ್ಕೆ ನಮ್ಮ ಗಾಳಿ ತಗುಲುತ್ತದೆ, ಮುಂದಿನ ಮಳೆಗಾಲಕ್ಕೆ ಕಿಲುಬು ಎರಡು ಪಟ್ಟು. ಸ್ಲಾಟ್‌ನ ಪಿನ್‌ಗಳಿಗೆ ಮೆತ್ತಗಿನ ಬ್ರಷ್‌ನಿಂದ ಆಲ್ಕೋಹಾಲ್ ಹಚ್ಚಿ, ಕಡ್ಡಿಯನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಮಾತ್ರ ಆನ್ ಮಾಡಿ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇದೆ.

ಎಕ್ಸ್200ಕ್ಕೆ ಇನ್ನೊಂದು ಮಾತು. ಅದರ ಜಿಎಂ45 ಚಿಪ್‌ಸೆಟ್ ರ‍್ಯಾಮ್ ವಿಷಯದಲ್ಲಿ ತಕರಾರಿನದ್ದು. 4 ಜಿಬಿ ಕಡ್ಡಿ ಹಾಕುವುದಾದರೆ ಲೇಬಲ್ ಮೇಲೆ 2ಆರ್×8 ಅಂತ ಇರಬೇಕು, ಅಂದರೆ ಎರಡೂ ಬದಿ ಸೇರಿ 16 ಚಿಪ್ ಇರುವಂಥದ್ದು. ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 8 ಚಿಪ್‌ನ 4 ಜಿಬಿ ಕಡ್ಡಿ ಅದರಲ್ಲಿ ಏಳುವುದಿಲ್ಲ. ರ‍್ಯಾಮ್ ಹೆಚ್ಚಿಸಿದ ದಿನವೇ ಸ್ಕ್ರೀನ್ ಹೋಗಿದ್ದರೆ ಬೇರೆ ಕಾರಣ ಹುಡುಕಬೇಡಿ.

ಬಯೋಸ್ ಸೆಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಆರ್2032 ಸತ್ತರೆ ಗಡಿಯಾರ ಹಿಂದೆ ಹೋಗುತ್ತದೆ, ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ದೋಷ ತೋರಿಸುತ್ತವೆ. ಆದರೆ ಸ್ಕ್ರೀನ್ ಕಪ್ಪಾಗಲು ಅದು ಸಾಮಾನ್ಯವಾಗಿ ಕಾರಣವಲ್ಲ. ಹಾಗೆಯೇ ಬ್ಯಾಟರಿ ಚಾರ್ಜ್ ಆಗದಿರುವುದು ಇಸಿಗೆ, ಬ್ಯಾಟರಿಗೆ ಸೇರಿದ್ದು. ಅದಕ್ಕಾಗಿ ಕೋರ್‌ಬೂಟ್ ಮತ್ತೆ ಹಾಕಿ ಪ್ರಯೋಜನವಿಲ್ಲ.

ಚಿಪ್ ಓದುವುದು

ರ‍್ಯಾಮ್ ಸರಿಯಿದೆ, ಇನ್ನೂ ಕಪ್ಪು. ಈಗ ಪಾಮ್‌ರೆಸ್ಟ್ ತೆಗೆದು ಫ್ಲ್ಯಾಶ್ ಚಿಪ್ ಹುಡುಕಿ. ಎಕ್ಸ್220ದಲ್ಲಿ 8 ಎಂಬಿಯ ಒಂದೇ ಚಿಪ್. ಎಕ್ಸ್230ದಲ್ಲಿ 8 ಎಂಬಿ ಮತ್ತು 4 ಎಂಬಿಯ ಎರಡು, ಸೇರಿ 12 ಎಂಬಿ. ಎಕ್ಸ್200ದಲ್ಲಿ 4 ಎಂಬಿಯ 8 ಕಾಲಿನ ಚಿಪ್ ಇರಬಹುದು, 8 ಎಂಬಿಯ 16 ಕಾಲಿನದ್ದೂ ಇರಬಹುದು. ಕ್ಲಿಪ್ ಕೊಳ್ಳುವ ಮೊದಲು ಕಾಲು ಎಣಿಸಿ.

ಪ್ರೋಗ್ರಾಮರ್, ಅಂದರೆ ಕ್ಲಿಪ್ ಮೂಲಕ ಚಿಪ್ ಓದಿ ಬರೆಯುವ ಸಣ್ಣ ಬೋರ್ಡ್, ಅದರ ಬಗ್ಗೆ ಎಚ್ಚರ. ಈ ಚಿಪ್‌ಗಳು 2.7ರಿಂದ 3.6 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಎಲ್ಲ ಕಡೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಬೋರ್ಡ್ ವಿದ್ಯುತ್ ಕಾಲಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಕಾಲುಗಳಿಗೆ 5 ವೋಲ್ಟ್ ಹಾಕುತ್ತದೆ. ತಿದ್ದುಪಡಿ ಮಾಡದೆ ಅದನ್ನು ಬಳಸಬೇಡಿ. ರಾಸ್ಪ್‌ಬೆರಿ ಪೈ ಪಿಕೊ ಕಡಿಮೆ ಬೆಲೆಯದ್ದು, ಅದರ ಡೇಟಾ ಕಾಲುಗಳೆಲ್ಲ 3.3 ವೋಲ್ಟ್‌ನವೇ. ಪಿಕೊ-ಸರ್‌ಪ್ರಾಗ್ ಎಂಬ ಪ್ರೋಗ್ರಾಂ ಹಾಕಿದರೆ ಚಿಪ್ ಓದಿ ಬರೆಯುವ ಫ್ಲ್ಯಾಶ್‌ರಾಮ್ ಎಂಬ ಲಿನಕ್ಸ್ ಉಪಕರಣ ಅದರೊಂದಿಗೆ ನೇರವಾಗಿ ಮಾತಾಡುತ್ತದೆ. ನನ್ನ ಸಲಹೆ ಅದೇ.

ಬ್ಯಾಟರಿ, ಚಾರ್ಜರ್, ಬಯೋಸ್ ಸೆಲ್ ಮೂರೂ ಹೊರಗಿರಲಿ. ಚಿಪ್ ಮೇಲಿನ ಚುಕ್ಕಿ ಒಂದನೇ ಕಾಲನ್ನು ತೋರಿಸುತ್ತದೆ. ಕ್ಲಿಪ್ ಹಚ್ಚಿದ ಮೇಲೆ "ಚಿಪ್ ಸಿಗಲಿಲ್ಲ" ಅಂತ ಬಂದರೆ ಚಿಪ್ ಸತ್ತಿದೆ ಅಂದುಕೊಳ್ಳಬೇಡಿ. ಇಲ್ಲಿಯೂ ಅದೇ ಹಳೆಯ ಶತ್ರು. ಚಿಪ್‌ನ ಕಾಲುಗಳ ಮೇಲೆ ಕಂದು ಪೊರೆ ಕಟ್ಟಿರುತ್ತದೆ, ಕ್ಲಿಪ್‌ನ ಹಲ್ಲು ಅದರ ಮೇಲೆ ಕೂತಿರುತ್ತದೆ, ಒಳಗಿನ ಲೋಹಕ್ಕೆ ಮುಟ್ಟಿರುವುದಿಲ್ಲ. ಆಲ್ಕೋಹಾಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ ಮತ್ತೆ ಪ್ರಯತ್ನಿಸಿ. ಆಗಲೂ ಸಿಗದಿದ್ದರೆ ಮಲ್ಟಿಮೀಟರ್‌ನಿಂದ 8ನೇ ಮತ್ತು 4ನೇ ಕಾಲುಗಳ ನಡುವಿನ ವೋಲ್ಟೇಜ್ ಅಳೆಯಿರಿ. ಈ ಅಂಕಿ 8 ಕಾಲಿನ ಚಿಪ್‌ಗೆ. ಪ್ರೋಗ್ರಾಮರ್ ಕೊಡುವ ಕರೆಂಟು ಚಿಪ್‌ಗೆ ಮಾತ್ರವಲ್ಲ, ಬೋರ್ಡ್‌ನ ಬೇರೆ ಭಾಗಗಳಿಗೂ ಹರಿದುಹೋಗುತ್ತದೆ. ವೋಲ್ಟೇಜ್ 2.7ಕ್ಕಿಂತ ಕೆಳಗೆ ಕುಸಿದಿದ್ದರೆ ಚಿಪ್ ಉತ್ತರ ಕೊಡುವುದಿಲ್ಲ. ಆಗ ಇನ್ನೂ ಗಟ್ಟಿಯಾದ 3.3 ವೋಲ್ಟ್ ಮೂಲ ಬೇಕು. ವೈರ್ ಗಿಡ್ಡ ಮಾಡಿ, ಓದುವ ವೇಗ ಕಡಿಮೆ ಮಾಡಿ.

ಚಿಪ್ ಸಿಕ್ಕರೆ ಎರಡು ಸಲ ಓದಿ, ಎರಡು ಫೈಲ್ ಮಾಡಿ. ಎರಡರ ಶಾ-256 ಮೊತ್ತ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಎರಡೂ ಒಂದೇ ಆಗದಿದ್ದರೆ ಸಂಪರ್ಕ ಸರಿಯಿಲ್ಲ. ಸರಿಯಾಗುವವರೆಗೆ ಮುಂದೆ ಹೋಗುವ ಹಾಗಿಲ್ಲ. ಮೊತ್ತ ಒಂದೇ ಬಂದರೂ ಫೈಲ್ ತೆರೆದು ನೋಡಿ. ಫೈಲ್ ಪೂರ್ತಿ ಎಫ್‌ಎಫ್ (ಖಾಲಿ ಚಿಪ್‌ನ ಬೈಟ್) ಅಥವಾ ಪೂರ್ತಿ ಸೊನ್ನೆ ಇದ್ದರೆ ಅದೂ ಸುಳ್ಳು ಓದು ಇರಬಹುದು. ಸರಿಯಾದ ಫೈಲನ್ನು ಬೇರೆ ಡಿಸ್ಕ್‌ಗೆ ಪ್ರತಿ ಮಾಡಿಡಿ. ಆ ಯಂತ್ರದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಪೋರ್ಟ್‌ನ ಗುರುತು) ಇರುವುದು ಅದರಲ್ಲಿಯೇ.

ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು

ಬಹಳ ಜನ ಎಡವುವುದು ಇಲ್ಲಿ. ತಾವು ಹಿಂದೆ ಚಿಪ್‌ಗೆ ಬರೆದ ರೋಮ್ ಫೈಲ್, ಈಗ ಓದಿದ ಫೈಲ್ ಎರಡನ್ನೂ ಹೋಲಿಸುತ್ತಾರೆ. ವ್ಯತ್ಯಾಸ ಕಂಡ ಕೂಡಲೇ "ಫರ್ಮ್‌ವೇರ್ ಕೆಟ್ಟಿದೆ" ಅಂತ ತೀರ್ಮಾನಿಸುತ್ತಾರೆ. ವ್ಯತ್ಯಾಸ ಇದ್ದೇ ಇರುತ್ತದೆ! ಎಕ್ಸ್220, ಎಕ್ಸ್230ದಲ್ಲಿ ಮೆಮೊರಿ ಟ್ರೈನಿಂಗ್‌ನ ಲೆಕ್ಕವನ್ನು ಕೋರ್‌ಬೂಟ್ ಅದೇ ಚಿಪ್‌ನ ಒಂದು ಭಾಗದಲ್ಲಿ ಬರೆದಿಡುತ್ತದೆ ಅಲ್ವಾ? ಅವುಗಳಲ್ಲಿ ಒಮ್ಮೆಯಾದರೂ ಬೂಟ್ ಆದ ಚಿಪ್ ಮೂಲ ಫೈಲ್‌ನಂತೆ ಇರಲು ಸಾಧ್ಯವಿಲ್ಲ. ಆದ್ದರಿಂದ ಎಷ್ಟು ವ್ಯತ್ಯಾಸ ಅನ್ನುವುದಕ್ಕಿಂತ ಎಲ್ಲಿ ವ್ಯತ್ಯಾಸ ಅಂತ ನೋಡಿ.

ಇದಕ್ಕೆ ಕೋರ್‌ಬೂಟ್ ಜೊತೆಯೇ ಬರುವ ಎರಡು ಉಪಕರಣ ಸಾಕು. ಐಎಫ್‌ಡಿಟೂಲ್ ಇಂಟೆಲ್ ಡಿಸ್ಕ್ರಿಪ್ಟರ್ ಓದಿ ಚಿಪ್ ಯಾವ ಯಾವ ಭಾಗವಾಗಿ ಹಂಚಿದೆ ಅಂತ ಹೇಳುತ್ತದೆ. ಸಿಬಿಎಫ್‌ಎಸ್‌ಟೂಲ್ ಒಳಗಿನ ಬೂಟ್‌ಬ್ಲಾಕ್, ರೋಮ್‌ಸ್ಟೇಜ್, ರ‍್ಯಾಮ್‌ಸ್ಟೇಜ್, ಪೇಲೋಡ್ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಎಕ್ಸ್230ದಲ್ಲಿ ಎರಡು ಫೈಲ್‌ಗಳನ್ನು ಮೊದಲು 8, ನಂತರ 4 ಎಂಬ ಕ್ರಮದಲ್ಲಿ ಜೋಡಿಸಿ ನೋಡಬೇಕು. ಕಂಪನಿಯ ಮೂಲ ಹಂಚಿಕೆಯಲ್ಲಿ ಮೊದಲ 5 ಎಂಬಿ ಡಿಸ್ಕ್ರಿಪ್ಟರ್, ಈಥರ್‌ನೆಟ್ ಮತ್ತು ಎಂಇಗೆ (ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್). ಉಳಿದ 7 ಎಂಬಿ ಬಯೋಸ್‌ಗೆ. ಬೂಟ್‌ಬ್ಲಾಕ್ ಇರುವುದು ತುತ್ತತುದಿಯಲ್ಲಿ, ಅಂದರೆ 4 ಎಂಬಿ ಚಿಪ್‌ನಲ್ಲಿ. ಕಪ್ಪು ಸ್ಕ್ರೀನ್‌ಗೆ ಮೊದಲು ಅದನ್ನೇ ಓದಿ.

ಪಟ್ಟಿ ಸರಿಯಾಗಿ ಬಂತು, ಒಳಗಿನ ಪ್ರತಿ ಭಾಗವನ್ನೂ ಹೊರತೆಗೆದು ಹೋಲಿಸಿದರೆ ಮೂಲದಂತೆಯೇ ಇದೆ ಅಂದರೆ ಚಿಪ್‌ಗೆ ಏನೂ ಬರೆಯಬೇಡಿ. ಮತ್ತೆ ಹಾರ್ಡ್‌ವೇರ್ ಕಡೆ ಹೋಗಿ. ನಡುವೆ ಎಲ್ಲೋ ದೊಡ್ಡ ತುಂಡು ಎಫ್‌ಎಫ್ ಆಗಿದ್ದರೆ, ಅರ್ಧ ಹೊಸ ಆವೃತ್ತಿ, ಅರ್ಧ ಹಳೆಯದು ಇದ್ದರೆ, ಬರೆಯುವಾಗ ನಡುವೆ ನಿಂತಿದೆ. ಆಗ ಸರಿಯಾದ ಫೈಲ್ ಬರೆಯಿರಿ. ಫ್ಲ್ಯಾಶ್‌ರಾಮ್ "ವೆರಿಫೈಡ್" ಅಂತ ಹೇಳುವವರೆಗೆ ಕ್ಲಿಪ್ ಅಲುಗಾಡಿಸಬೇಡಿ.

ಇದು ಆಗುವುದು ಹೆಚ್ಚಾಗಿ ಕ್ಲಿಪ್ ಇಲ್ಲದೆ ಅದೇ ಯಂತ್ರದ ಲಿನಕ್ಸ್‌ನಿಂದಲೇ ಫ್ಲ್ಯಾಶ್ ಮಾಡುವಾಗ ಕರೆಂಟು ಹೋದರೆ. ಈ ಹಳೆ ಯಂತ್ರಗಳ ಬ್ಯಾಟರಿ ಸತ್ತಿರುತ್ತದೆ, ಚಾರ್ಜರ್ ಮೇಲೆಯೇ ಓಡುತ್ತಿರುತ್ತವೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿಸಿದರೆ ಫ್ಲ್ಯಾಶ್ ಮಾಡುವುದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ, ಇಲ್ಲವೇ ಯುಪಿಎಸ್ ಮೇಲೆ ಮಾಡಿ. ಕರೆಂಟು ಹೋಗದೆ ಫ್ಲ್ಯಾಶ್‌ರಾಮ್ ಮಾತ್ರ ನಡುವೆ ದೋಷ ತೋರಿಸಿ ನಿಂತರೆ, ದಯವಿಟ್ಟು ಯಂತ್ರ ಆಫ್ ಮಾಡಬೇಡಿ. ಲಿನಕ್ಸ್ ಆಗಲೇ ರ‍್ಯಾಮ್‌ನಲ್ಲಿ ಓಡುತ್ತಿದೆ, ಚಿಪ್ ಖಾಲಿಯಾದರೂ ಅದು ತಕ್ಷಣ ಬೀಳುವುದಿಲ್ಲ. ಅಲ್ಲಿಂದಲೇ ಹಳೆಯ ಫೈಲ್ ಮತ್ತೆ ಬರೆಯಿರಿ. ಆಫ್ ಮಾಡಿದರೆ ಕ್ಲಿಪ್ ಬಿಟ್ಟು ಬೇರೆ ದಾರಿ ಇಲ್ಲ.

ಬೂಟ್ ಆಗುತ್ತದೆ, ಆದರೂ ಏನೋ ಸರಿಯಿಲ್ಲ

ಎಕ್ಸ್220 ಅಥವಾ ಎಕ್ಸ್230 ಸರಿಯಾಗಿ ಓಡುತ್ತಾ 30 ನಿಮಿಷಕ್ಕೆ ತಾನಾಗಿ ಆಫ್ ಆದರೆ ಬಿಸಿಯ ಸಮಸ್ಯೆ ಅಂತ ಫ್ಯಾನ್ ಬಿಚ್ಚುವ ಮೊದಲು ಎಂಇ ಭಾಗ ನೋಡಿ. ಅಲ್ಲಿ ಸರಿಯಾದ ಎಂಇ ಫರ್ಮ್‌ವೇರ್ ಸಿಗದಿದ್ದರೆ ಚಿಪ್‌ಸೆಟ್ ಅರ್ಧ ಗಂಟೆಗೆ ಯಂತ್ರವನ್ನು ನಿಲ್ಲಿಸುತ್ತದೆ. ಗಡಿಯಾರ ಹಿಡಿದು ಎರಡು ಸಲ ನೋಡಿದರೆ ಗೊತ್ತಾಗುತ್ತದೆ. ಬಿಸಿಯಿಂದ ಆಗುವುದಾದರೆ ಸಮಯ ಹೀಗೆ ಕಟ್ಟುನಿಟ್ಟಾಗಿರುವುದಿಲ್ಲ. ಎಕ್ಸ್200ದಲ್ಲಿ ಈ ತೊಂದರೆ ಇಲ್ಲ, ಅದರಲ್ಲಿ ಎಂಇ ಪೂರ್ತಿ ತೆಗೆದರೂ ನಡೆಯುತ್ತದೆ.

ಕೇಬಲ್ ಹಾಕಿದರೂ ನೆಟ್ ಬರುತ್ತಿಲ್ಲ, ವೈಫೈ ಸರಿಯಿದೆ ಅಂದರೆ ಕರ್ನಲ್ ಲಾಗ್ ನೋಡಿ. ಎನ್‌ವಿಎಂ ಚೆಕ್‌ಸಮ್ ಸರಿಯಿಲ್ಲ ಅಂತ ಇದ್ದರೆ ಚಿಪ್‌ನ 8 ಕೆಬಿ ಈಥರ್‌ನೆಟ್ ಭಾಗ ಕೆಟ್ಟಿದೆ. ಆ ಭಾಗದ ಮೊದಲ 64 ಪದಗಳನ್ನು ಕೂಡಿದರೆ ಹೆಕ್ಸ್‌ನಲ್ಲಿ ಬಿಎಬಿಎ ಬರಬೇಕು ಎಂಬುದು ಇಂಟೆಲ್‌ನ ಕಟ್ಟಳೆ. ಲಿಬ್ರೆಬೂಟ್‌ನವರ ಎನ್‌ವಿಎಂಯುಟಿಲ್ ಮ್ಯಾಕ್ ವಿಳಾಸ ಬರೆದು ಈ ಮೊತ್ತವನ್ನೂ ಸರಿಮಾಡುತ್ತದೆ. ಚೆಕ್‌ಸಮ್ ಸರಿಯಿದ್ದೂ ಪೋರ್ಟ್‌ನ ದೀಪ ಹತ್ತದಿದ್ದರೆ, ಹಿಂದಿನ ವಾರ ಸಿಡಿಲು ಬಡಿದಿತ್ತಾ ಅಂತ ಮನೆಯಲ್ಲಿ ಕೇಳಿ. ರೂಟರ್‌ನಿಂದ ಕೇಬಲ್ ಮೂಲಕ ಬಂದ ಪೆಟ್ಟಿಗೆ ಪೋರ್ಟ್ ಸುಟ್ಟಿರುತ್ತದೆ. ಅದಕ್ಕೆ ಯಾವ ಫರ್ಮ್‌ವೇರೂ ಮದ್ದಲ್ಲ.

ಅಪ್‌ಡೇಟ್ ಆದ ಮೇಲೆಯೇ ಶುರುವಾಗಿದ್ದರೆ

ಹಳೆಯ ಆವೃತ್ತಿ ಹಾಕಿದರೆ ಸರಿ, ಹೊಸದು ಹಾಕಿದರೆ ತೊಂದರೆ, ರ‍್ಯಾಮ್ ಅದೇ, ಯಂತ್ರ ಅದೇ. ಈಗ ಮಾತ್ರ ಕೋರ್‌ಬೂಟ್ ಮೇಲೆ ಅನುಮಾನ ಪಡಬಹುದು. ಹಳೆ ಬೋರ್ಡ್ ಇಟ್ಟುಕೊಂಡವರ ಕೆಲಸ ಬಹಳ ಬೆಲೆಬಾಳುವುದು ಇಲ್ಲಿ. ಕೋಡ್ ಬರೆಯುವವರ ಹತ್ತಿರ ಎಲ್ಲ ಹಳೆ ಯಂತ್ರಗಳೂ ಇರುವುದಿಲ್ಲ. ಪರೀಕ್ಷಿಸುವವರು, ಹೊಸ ಬದಲಾವಣೆಗೆ ಹೊಂದಿಸುವವರು ಇಲ್ಲದ ಬೋರ್ಡ್‌ಗಳನ್ನು ಕಾಲಕಾಲಕ್ಕೆ ಮುಖ್ಯ ಕೋಡ್‌ನಿಂದ ತೆಗೆಯುತ್ತಾರೆ. ಅಸುಸ್ ಕೆಜಿಪಿಇ-ಡಿ16 ಸರ್ವರ್ ಬೋರ್ಡ್ ಕೋರ್‌ಬೂಟ್ 4.11 ಆವೃತ್ತಿಯ ನಂತರ ಹೀಗೇ ಹೊರಹೋಯಿತು.

ಯಂತ್ರ ಹೇಗೋ ಬೂಟ್ ಆಗುತ್ತಿದ್ದರೆ ಸಿಬಿಮೆಮ್ ಉಪಕರಣದಿಂದ ಕೋರ್‌ಬೂಟ್‌ನ ಲಾಗ್ ತೆಗೆಯಿರಿ. ಅನುಮತಿ ಇಲ್ಲ ಅಂದರೆ ಕರ್ನಲ್ ಸಾಲಿನಲ್ಲಿ ಐಒಮೆಮ್‌ಗೆ ರಿಲ್ಯಾಕ್ಸ್ಡ್ ಎಂದು ಕೊಟ್ಟು ಮತ್ತೆ ಬೂಟ್ ಮಾಡಿ. ಬೂಟ್ ಆಗುತ್ತಲೇ ಇಲ್ಲದಿದ್ದರೆ ಲಾಗ್ ಅನ್ನು ಫ್ಲ್ಯಾಶ್ ಚಿಪ್‌ಗೇ ಬರೆಯುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಹಂಚಿಕೆಯಲ್ಲಿ ಕನ್ಸೋಲ್ ಎಂಬ ಭಾಗ ಸೇರಿಸಿ ಬಿಲ್ಡ್ ಮಾಡಿ. ಒಮ್ಮೆ ಆನ್ ಮಾಡಿ, ಕಪ್ಪಾದ ಮೇಲೆ ಕ್ಲಿಪ್‌ನಿಂದ ಓದಿದರೆ ಎಲ್ಲಿ ನಿಂತಿತು ಅಂತ ಅಕ್ಷರದಲ್ಲೇ ಸಿಗುತ್ತದೆ. ಬೇರೆ ದುಬಾರಿ ಉಪಕರಣ ಬೇಡ, ಅದಕ್ಕೇ ನನಗೆ ಈ ದಾರಿ ಇಷ್ಟ. ಕೆಲಸ ಮುಗಿದ ಮೇಲೆ ಆ ಆಯ್ಕೆ ತೆಗೆದುಹಾಕಿ, ಪ್ರತಿ ಬೂಟ್‌ಗೂ ಬರೆಯುತ್ತಿದ್ದರೆ ಚಿಪ್ ಸವೆಯುತ್ತದೆ.

ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕಲು ಗಿಟ್ ಬೈಸೆಕ್ಟ್ ಇದೆ. ಪ್ರತಿ ಹೆಜ್ಜೆಗೂ ಅರ್ಧ ಬದಲಾವಣೆಗಳು ಬಿಟ್ಟುಹೋಗುವುದರಿಂದ, ನಡುವೆ ಸಾವಿರ ಇದ್ದರೂ ಹತ್ತು ಸಲ ಫ್ಲ್ಯಾಶ್ ಮಾಡಿದರೆ ಸಾಕು. ಇಂಥ ಚಿಪ್‌ಗಳು ಸಾಮಾನ್ಯವಾಗಿ ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳುತ್ತವೆ, ಹೆದರಬೇಕಾಗಿಲ್ಲ. ಎಲ್ಲ ಹೆಜ್ಜೆಗೂ ಒಂದೇ ಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಫೈಲ್) ಬಳಸಿ. ಹಳೆಯ ಕಾನ್ಫಿಗ್ ಕಳೆದುಹೋಗಿದ್ದರೆ ಚಿಂತೆ ಬೇಡ. ಬಿಲ್ಡ್ ಮಾಡುವಾಗ ಅದನ್ನು ಸೇರಿಸುವ ಆಯ್ಕೆ ಇದ್ದಿದ್ದರೆ ಓದಿದ ಫೈಲ್‌ನಿಂದಲೇ ಸಿಬಿಎಫ್‌ಎಸ್‌ಟೂಲ್ ಅದನ್ನು ಹೊರತೆಗೆಯುತ್ತದೆ. ಯಾವ ಆವೃತ್ತಿ ಅನ್ನುವುದೂ ಅಲ್ಲೇ ಇರುತ್ತದೆ.

ಕೆಡಿಸಿದ ಬದಲಾವಣೆ ಸಿಕ್ಕ ಮೇಲೆ ಅದರ ಗುರುತು, ನಿಮ್ಮ ಕಾನ್ಫಿಗ್, ಸರಿಯಾದ ಬೂಟ್‌ನ ಲಾಗ್, ಕೆಟ್ಟ ಬೂಟ್‌ನ ಲಾಗ್, ರ‍್ಯಾಮ್ ಕಡ್ಡಿಯ ಲೇಬಲ್‌ನಲ್ಲಿರುವ ಮಾದರಿ ಸಂಖ್ಯೆ ಇಷ್ಟನ್ನೂ ಯೋಜನೆಯವರಿಗೆ ಕಳಿಸಿ. ತಿದ್ದಿದ ಕೋಡ್ ಬಂದಾಗ ಅದನ್ನು ನಿಮ್ಮ ಯಂತ್ರದಲ್ಲಿ ಹಾಕಿ ನೋಡಿ. ಸರಿಯಾಗಿದ್ದರೆ ಬೋರ್ಡ್-ಸ್ಟೇಟಸ್ ಸಂಗ್ರಹಕ್ಕೆ ನಿಮ್ಮ ಮಾದರಿಯ ವರದಿ ಸೇರಿಸಿ. ಅದೇ ಯಂತ್ರ ಇರುವ ಇನ್ನೊಬ್ಬರು ಅಪ್‌ಡೇಟ್ ಮಾಡುವ ಮೊದಲು ಯಾವ ಆವೃತ್ತಿ ಓಡುತ್ತದೆ ಅಂತ ನೋಡುವುದು ಅಲ್ಲಿ.